ಹೆಜ್ಜೇನು ಯಾಕೆ ಮೈಮೇಲೆ ಬೀಳುತ್ತದೆ? ಕಲ್ಲು ಹೊಡೆದವ ಓಡಿಹೋಗ್ತಾನೆ, ಸಿಕ್ಕಿಬೀಳುವವರು ಬೇರೆಯವರು

2025ರ ಮಾರ್ಚ್ ತಿಂಗಳಲ್ಲಿ ತಿರುವನಂತಪುರದ ಕಲೆಕ್ಟರೇಟಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಪೊಲೀಸರು, ಬಾಂಬ್ ಸ್ಕ್ವಾಡ್ ಬಂದು ತಪಾಸಣೆಗೆ ಇಳಿದರು. ನೌಕರರು ಹೊರಗೆ ಬಂದು ನಿಂತರು. ಬಾಂಬ್ ಸಿಗಲಿಲ್ಲ. ಆದರೆ ಅದೇ ಕಟ್ಟಡದಲ್ಲಿ ಗೂಡು ಕಟ್ಟಿದ್ದ ಜೇನುನೊಣಗಳು ಎದ್ದುಬಿಟ್ಟವು. ಪೊಲೀಸರು, ನೌಕರರು, ಸುದ್ದಿ ಮಾಡಲು ಬಂದ ಪತ್ರಕರ್ತರು ಎಂಬ ಭೇದವಿಲ್ಲದೆ ಹತ್ತಾರು ಜನ ಕುಟುಕಿಸಿಕೊಂಡು ಆಸ್ಪತ್ರೆ ಸೇರಿದರು. ಎಲ್ಲರೂ ಕೆಳಗೆ ಬಾಂಬ್ ಹುಡುಕುತ್ತಿದ್ದರು, ಅಪಾಯ ತಲೆಯ ಮೇಲೆ ನೇತಾಡುತ್ತಿತ್ತು.

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯವರಿಗೆ ಇದು ದೂರದ ಸುದ್ದಿ ಅಲ್ಲ. ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ನೀರಿನ ಟ್ಯಾಂಕಿಯ ಅಡಿಗೆ, ಫ್ಲಾಟುಗಳ ಸನ್‌ಶೇಡಿಗೆ, ಮಸೀದಿಯ ಮಿನಾರಕ್ಕೆ, ಖಬರಸ್ತಾನದ ದೊಡ್ಡ ಮರಕ್ಕೆ ಕಪ್ಪು ಚೀಲದ ಹಾಗೆ ಹೆಜ್ಜೇನು ನೇತುಬೀಳುತ್ತದೆ. ತಿಂಗಳುಗಟ್ಟಲೆ ಯಾರಿಗೂ ಏನೂ ಮಾಡುವುದಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ದಾಳಿ ನಡೆಯುತ್ತದೆ. ‘ಸುಮ್ಮನೆ ಹೋಗುತ್ತಿದ್ದವರ ಮೇಲೆ ಬಿತ್ತು’ ಅಂತ ಜನ ಹೇಳ್ತಾರೆ. ಕುಟುಕಿಸಿಕೊಂಡವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಜೇನಿನ ಮಟ್ಟಿಗೆ ಅದು ಸುಮ್ಮನೆ ಅಲ್ಲ. ಅದಕ್ಕೆ ಮೊದಲು ಏನೋ ಒಂದು ನಡೆದಿರುತ್ತದೆ.

ಯಾವ ಜೇನು ಅಪಾಯ?

ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವ ಜೇನು ನಾಲ್ಕು ಬಗೆ. ಗೋಡೆಯ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಇರುವ ಪುಟ್ಟ ಮುಜಂಟಿ ಜೇನಿಗೆ ಕುಟುಕುವ ಮುಳ್ಳೇ ಇಲ್ಲ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು ಸಾಧು ಸ್ವಭಾವದ್ದು. ಪೊಟರೆಯಲ್ಲೂ ಸಾಕುವ ಪೆಟ್ಟಿಗೆಯಲ್ಲೂ ಇರುವ ತುಡುವೆ ಜೇನು ಕುಟುಕುತ್ತದೆ, ಆದರೆ ಜೀವಕ್ಕೆ ಅಪಾಯ ತರುವ ಮಟ್ಟದ ದಾಳಿ ಅಪರೂಪ.

ನಾಲ್ಕನೆಯದು ಹೆಜ್ಜೇನು. ಸುದ್ದಿಯಲ್ಲಿ ಬರುವ ಸಾಮೂಹಿಕ ದಾಳಿಗಳಲ್ಲಿ ಹೆಚ್ಚಿನವು ಇದರದ್ದೇ. ಒಂದೊಂದು ನೊಣ ಹತ್ತಿರ ಹತ್ತಿರ 2 ಸೆಂಟಿಮೀಟರ್ ಉದ್ದ. ಒಂದೇ ಒಂದು ಎರಿ, ಅದೂ ಬಯಲಲ್ಲೇ. ಎರಿಯ ಅಗಲ ಒಂದು ಮೀಟರ್ ದಾಟುವುದೂ ಉಂಟು. ದೊಡ್ಡ ಎರಿಯಲ್ಲಿ 50 ಸಾವಿರಕ್ಕೂ ಹೆಚ್ಚು ನೊಣಗಳಿರಬಹುದು.

ಕಣಜ ಎಂದರೆ ಬೇರೆ. ಮಲಯಾಳಂನಲ್ಲಿ ಕಡನ್ನಲ್ ಅಂತಾರಲ್ಲ, ಅದು. ಅದು ಜೇನು ಮಾಡುವುದಿಲ್ಲ, ಕಾಗದದಂಥ ಗೂಡು ಕಟ್ಟುತ್ತದೆ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಅದರಿಂದಲೂ ಜೀವ ಹೋದದ್ದಿದೆ. ಓಡುವ ವಿಷಯದಲ್ಲಿ, ಚಿಕಿತ್ಸೆಯ ವಿಷಯದಲ್ಲಿ ಮುಂದೆ ಹೇಳುವುದು ಬಹುಪಾಲು ಅದಕ್ಕೂ ಅನ್ವಯಿಸುತ್ತದೆ.

ಬಾಗಿಲಿಲ್ಲದ ಅಂಗಡಿ

ಹೆಜ್ಜೇನಿನ ಸಿಟ್ಟು ಅರ್ಥ ಆಗಬೇಕಾದರೆ ಅದರ ಮನೆ ನೋಡಬೇಕು. ತುಡುವೆ ಜೇನಿಗೆ ಮರದ ಪೊಟರೆಯೇ ಗೋಡೆ, ಒಂದು ಸಣ್ಣ ಬಾಗಿಲು, ಅಲ್ಲಿ ನಾಲ್ಕು ಕಾವಲುಗಾರರಿದ್ದರೆ ಸಾಕು. ಹೆಜ್ಜೇನಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಶಟರ್ ಇಲ್ಲದ ಅಂಗಡಿಯಲ್ಲಿ ಮಾಲು, ಗಲ್ಲಾಪೆಟ್ಟಿಗೆ, ಹೆಂಡತಿ ಮಕ್ಕಳನ್ನೆಲ್ಲ ಇಟ್ಟುಕೊಂಡು ವ್ಯಾಪಾರಕ್ಕೆ ಕುಳಿತ ಹಾಗೆ. ಮೊಟ್ಟೆ, ಮರಿ, ತಿಂಗಳುಗಳ ದುಡಿಮೆಯ ತುಪ್ಪ ಎಲ್ಲವೂ ಬಯಲಲ್ಲಿ.

ಹಾಗಾಗಿ ನೊಣಗಳೇ ಗೋಡೆಯಾಗುತ್ತವೆ. ಗೂಡಿನ ಹೆಚ್ಚಿನ ನೊಣಗಳು ಒಂದರ ಮೇಲೊಂದು ಪದರವಾಗಿ ಎರಿಯನ್ನು ಹೊದಿಕೆಯಂತೆ ಮುಚ್ಚಿಕೊಂಡಿರುತ್ತವೆ. ನಾವು ಕೆಳಗಿನಿಂದ ನೋಡುವ ಕಪ್ಪು ಚೀಲ ಎರಿಯಲ್ಲ, ಈ ಹೊದಿಕೆ. ಕಣಜವೋ ಹಕ್ಕಿಯೋ ಹತ್ತಿರ ಬಂದರೆ ಸಾವಿರಾರು ನೊಣಗಳು ಒಂದರ ಹಿಂದೊಂದು ಹೊಟ್ಟೆ ಮೇಲೆತ್ತಿ ಅಲುಗಾಡಿಸುತ್ತವೆ. ಗದ್ದೆಯಲ್ಲಿ ಗಾಳಿ ಬೀಸಿದ ಹಾಗೆ ಗೂಡಿನ ಮೇಲೆ ಅಲೆ ಹರಿಯುತ್ತದೆ. ‘ನೋಡಿದ್ದೇವೆ, ದೂರ ಹೋಗು’ ಎಂಬ ಎಚ್ಚರಿಕೆ ಅದು. ಮನುಷ್ಯ ಕೆಳಗೆ ನಿಂತಾಗ ಗೂಡಿನ ಮೇಲೆ ಇಂಥ ಅಲೆ ಮತ್ತೆ ಮತ್ತೆ ಕಂಡರೆ ಮೊಬೈಲ್ ತೆಗೆದು ವಿಡಿಯೋ ಮಾಡುವ ಸಮಯ ಅಲ್ಲ, ಜಾಗ ಖಾಲಿ ಮಾಡುವ ಸಮಯ.

ಇಷ್ಟು ಎಚ್ಚರಿಕೆ ಕೊಡಲು ಕಾರಣ ಇದೆ. ಕುಟುಕುವುದು ಜೇನಿಗೆ ಬಹಳ ದುಬಾರಿ. ಅದರ ಮುಳ್ಳಿಗೆ ಗರಗಸದ ಹಾಗೆ ಹಿಂದಕ್ಕೆ ಬಾಗಿದ ಹಲ್ಲುಗಳಿವೆ. ಮನುಷ್ಯನ ಚರ್ಮಕ್ಕೆ ಚುಚ್ಚಿದರೆ ಹೊರಬರುವುದಿಲ್ಲ. ನೊಣ ಹಾರುವಾಗ ಮುಳ್ಳು, ವಿಷದ ಚೀಲ ಸಮೇತ ಕಿತ್ತು ಉಳಿದುಬಿಡುತ್ತದೆ. ಆ ನೊಣ ಸಾಯುತ್ತದೆ. ಜೀವ ಕೊಟ್ಟು ಮಾಡುವ ಕೆಲಸವನ್ನು ಯಾವ ಪ್ರಾಣಿಯೂ ಮೋಜಿಗೆ ಮಾಡುವುದಿಲ್ಲ. ಗೂಡಿಗೇ ಕುತ್ತು ಬಂತು ಅಂತ ಅನಿಸಿದಾಗ ಮಾತ್ರ ಹೆಜ್ಜೇನು ಆ ಲೆಕ್ಕಕ್ಕೆ ಇಳಿಯುತ್ತದೆ.

ಒಂದು ಕುಟುಕು ನೂರಾಗುವುದು ಹೇಗೆ?

ಮೊದಲ ನೊಣ ಚುಚ್ಚಿದಾಗ ಮುಳ್ಳಿನ ಬುಡದಿಂದ ಒಂದು ವಾಸನೆ ಹೊರಬೀಳುತ್ತದೆ. ಅದರಲ್ಲಿ ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವಿದೆ. ಬೇಕರಿಗಳಲ್ಲಿ ಬಳಸುವ ಬಾಳೆಹಣ್ಣಿನ ಎಸೆನ್ಸಿನ ಪರಿಮಳವೂ ಇದೇ ವಸ್ತುವಿನದ್ದು. ಉಳಿದ ನೊಣಗಳಿಗೆ ಈ ವಾಸನೆ ಅಂದರೆ ‘ಶತ್ರು ಇಲ್ಲಿದ್ದಾನೆ, ಇಲ್ಲೇ ಚುಚ್ಚಿ’ ಎಂಬ ಆಜ್ಞೆ. ಹೆಜ್ಜೇನಿನಲ್ಲಿ ಇದರ ಜೊತೆಗೆ ಬೇಗ ಆರಿಹೋಗದ ಇನ್ನೊಂದು ವಾಸನೆಯೂ ಸೇರಿರುತ್ತದೆ.

ಎರಡನೇ ನೊಣ ಬಂದು ಚುಚ್ಚುತ್ತದೆ, ವಾಸನೆ ಇಮ್ಮಡಿಯಾಗುತ್ತದೆ. ಹತ್ತು ಬರುತ್ತವೆ, ನೂರು ಬರುತ್ತವೆ. ನೊಣವನ್ನು ಕೈಯಲ್ಲಿ ಹೊಡೆದು ಜಜ್ಜಿದರೂ ಅದೇ ವಾಸನೆ ಹರಡುತ್ತದೆ. ಬಟ್ಟೆಯ ಮೇಲೆ, ಚರ್ಮದ ಮೇಲೆ ಕೂತ ಆ ವಾಸನೆ ಗುರುತಿನ ಚೀಟಿಯ ಹಾಗೆ ವ್ಯಕ್ತಿಯ ಜೊತೆಗೇ ಓಡುತ್ತದೆ.

ವಾಸನೆ ಸಿಕ್ಕಿದ ನೊಣಗಳು ಏನನ್ನು ಹುಡುಕುತ್ತವೆ? ಅಲುಗಾಡುವುದನ್ನು, ಕಪ್ಪಾಗಿರುವುದನ್ನು, ಕೂದಲಿರುವುದನ್ನು, ಉಸಿರು ಬಿಡುವುದನ್ನು. ಕರಡಿಯಂಥ ಜೇನುಕಳ್ಳರ ಲಕ್ಷಣ ಇದೇ ಅಲ್ವಾ? ಮನುಷ್ಯರಲ್ಲಿ ಈ ನಾಲ್ಕೂ ಕೂಡಿಬರುವ ಜಾಗ ತಲೆ ಮತ್ತು ಮುಖ. ಅದಕ್ಕೇ ಮೊದಲ ಕುಟುಕುಗಳು ಅಲ್ಲೇ ಬೀಳುತ್ತವೆ.

ಈಗ ಕಲ್ಲು ಹೊಡೆದ ಹುಡುಗನ ಕಥೆ ನೋಡಿ. ಅವನಿಗೆ ಏನಾಗುತ್ತದೆ ಅಂತ ಮೊದಲೇ ಗೊತ್ತು. ಕಲ್ಲು ಬಿಟ್ಟ ಕೂಡಲೇ ಓಟ ಕೀಳುತ್ತಾನೆ. ಗೂಡು ಎದ್ದು ಹರಡುವ ಹೊತ್ತಿಗೆ ಕೆಳಗೆ ಯಾರಿರುತ್ತಾರೆ? ಮದ್ರಸದಿಂದ ಬರುವ ಚಿಕ್ಕ ಮಗು, ತೋಟದಲ್ಲಿ ಅಡಿಕೆ ಹೆಕ್ಕುವ ಹೆಂಗಸು, ಅಸರ್ ನಮಾಜಿಗೆ ಕೋಲೂರಿಕೊಂಡು ಹೊರಟ ಹಿರಿಯರು. ಇವರಿಗೆ ಏನು ನಡೆಯಿತು ಅಂತಲೇ ಗೊತ್ತಿಲ್ಲ, ಓಡುವ ಶಕ್ತಿಯೂ ಇಲ್ಲ. ನೊಣಗಳಿಗೆ ತಪ್ಪಿತಸ್ಥ ಯಾರು ಎಂದು ಗೊತ್ತಾಗುವುದಿಲ್ಲ, ಹತ್ತಿರ ಯಾರಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತದೆ. ಹೆಜ್ಜೇನು ದಾಳಿಯಲ್ಲಿ ಜೀವ ತೆರುವವರಲ್ಲಿ ವಯಸ್ಸಾದವರು ಹೆಚ್ಚಾಗಿರಲು ಇದೂ ಒಂದು ಕಾರಣ.

ಗೂಡನ್ನು ಕೆಣಕುವ ಸಂಗತಿಗಳು

ಕಲ್ಲು ಒಂದೇ ಕಾರಣ ಅಲ್ಲ. ಮುಖ್ಯವಾದವು ಇವು.

ಮೊದಲನೆಯದು ಹಕ್ಕಿ. ಜೇನುಗಿಡುಗ ಎಂಬ ಬೇಟೆಹಕ್ಕಿಗೆ ಜೇನಿನ ಎರಿ, ಅದರೊಳಗಿನ ಮರಿಗಳೇ ಆಹಾರ. ಮೇಲಿನಿಂದ ಎರಗಿ ಎರಿಯ ತುಂಡು ಕಿತ್ತುಕೊಂಡು ಹೋಗುತ್ತದೆ. ಅದರ ಗರಿ ದಪ್ಪ, ಜೇನಿಗೆ ಹೆಚ್ಚೇನೂ ಮಾಡಲಾಗುವುದಿಲ್ಲ. ಸಿಟ್ಟು ಕೆಳಗಿದ್ದವರ ಮೇಲೆ ಇಳಿಯುತ್ತದೆ. ‘ಯಾರೂ ಏನೂ ಮಾಡಲಿಲ್ಲ’ ಎನ್ನುವ ಎಷ್ಟೋ ದಾಳಿಗಳ ಹಿಂದೆ ಇಂಥದ್ದೇನಾದರೂ ಇರುತ್ತದೆ. ಗೂಡಿನ ಸುತ್ತ ದೊಡ್ಡ ಹಕ್ಕಿ ಸುತ್ತುತ್ತಿದ್ದರೆ ಆ ಕಡೆ ಹೋಗಬಾರದು.

ಎರಡನೆಯದು ಹೊಗೆ ಮತ್ತು ಪಟಾಕಿ. ಗೂಡಿನ ಅಡಿಯಲ್ಲಿ ತರಗೆಲೆಗೆ ಬೆಂಕಿ ಹಾಕುವುದು, ಕಾರ್ಯಕ್ರಮಕ್ಕೆ ಬಿರಿಯಾನಿಯ ಒಲೆ ಹೂಡುವುದು, ಮದುವೆಯ ದಿಬ್ಬಣದಲ್ಲಿ ಪಟಾಕಿ ಸಿಡಿಸುವುದು ಎಲ್ಲವೂ ಅಪಾಯಕಾರಿ. ‘ಜೇನು ತೆಗೆಯುವವರು ಹೊಗೆ ಹಾಕ್ತಾರಲ್ಲ’ ಅಂತ ಕೇಳಬಹುದು. ಅವರು ಕತ್ತಲ ರಾತ್ರಿ ನೋಡಿ, ಗಾಳಿ ನೋಡಿ, ಅಳತೆಯಲ್ಲಿ ಹಾಕುತ್ತಾರೆ. ಹಗಲು ಹೊತ್ತಲ್ಲಿ ಜನರ ನಡುವೆ ಎದ್ದ ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ.

ಮೂರನೆಯದು ಅಲುಗಾಟ. ಮರ ಕಡಿಯುವುದು, ತೆಂಗಿನ ಮರ ಹತ್ತುವುದು, ಟ್ಯಾಂಕಿ ತೊಳೆಯುವುದು, ಗೋಡೆಗೆ ಡ್ರಿಲ್ ಹಾಕುವುದು, ಪೈಂಟ್ ಮಾಡುವುದು. ಕೆಲಸಕ್ಕೆ ಬಂದವನಿಗೆ ಗೂಡು ಇರುವ ವಿಷಯವನ್ನೇ ಹೇಳದೆ ಮೇಲೆ ಹತ್ತಿಸುವುದು ದೊಡ್ಡ ತಪ್ಪು. ಈಗ ಡ್ರೋನ್ ಕೂಡ ಈ ಪಟ್ಟಿಗೆ ಸೇರಿದೆ.

ನಾಲ್ಕನೆಯದು ಕಾಲ. ಬೇಸಿಗೆಯ ಹೊತ್ತಿಗೆ ಗೂಡಿನಲ್ಲಿ ಮರಿಯೂ ತುಂಬಿರುತ್ತದೆ, ತುಪ್ಪವೂ ತುಂಬಿರುತ್ತದೆ. ಕಾಯಬೇಕಾದ ಬಂಡವಾಳ ಜಾಸ್ತಿ ಇದ್ದಷ್ಟೂ ಕಾವಲು ಜಾಸ್ತಿ. ನಮ್ಮಲ್ಲಿ ಮದುವೆ, ಉರೂಸ್, ರಜೆ, ಗಲ್ಫ್‌ನಿಂದ ಬಂದವರ ಮನೆ ರಿಪೇರಿ ಹೆಚ್ಚಾಗಿ ನಡೆಯುವುದೂ ಅದೇ ತಿಂಗಳುಗಳಲ್ಲಿ.

ಇನ್ನೊಂದು ಸಣ್ಣ ವಿಷಯ. ಹತ್ತಿರದಲ್ಲಿ ಹೆಜ್ಜೇನಿದ್ದರೆ ರಾತ್ರಿ ಟ್ಯೂಬ್‌ಲೈಟಿಗೆ ನೊಣಗಳು ಬಂದು ನೆಲಕ್ಕೆ ಬೀಳುತ್ತವೆ. ಇದು ದಾಳಿ ಅಲ್ಲ, ಬೆಳಕಿಗೆ ಮರುಳಾಗಿ ಬಂದದ್ದು. ಆದರೆ ಮಸೀದಿಯ ಹೌಳಿನ ಬಳಿ, ಮನೆಯ ಜಗಲಿಯಲ್ಲಿ ಬರಿಗಾಲಿನವರು ತುಳಿದು ಕುಟುಕಿಸಿಕೊಳ್ಳುತ್ತಾರೆ. ಹೊರಗಿನ ಲೈಟ್ ಆರಿಸಿದರೆ, ನೆಲ ಗುಡಿಸಿದರೆ ಸಾಕು.

ಹಿಂಡು ಬೇರೆ, ಗೂಡು ಬೇರೆ

ಕೆಲವೊಮ್ಮೆ ಬೆಳಗ್ಗೆ ಇಲ್ಲದ ಜೇನು ಮಧ್ಯಾಹ್ನ ಮಾವಿನ ಕೊಂಬೆಯಲ್ಲಿ ಗೊಂಚಲಾಗಿ ನೇತಾಡುತ್ತಿರುತ್ತದೆ. ಜನ ಹೆದರಿ ಬೆಂಕಿ ತರಲು ಓಡುತ್ತಾರೆ. ಬೇಡವೇ ಬೇಡ. ಅದು ರಾಣಿಯ ಜೊತೆ ಊರು ಬಿಟ್ಟು ಹೊರಟ ಹಿಂಡು, ದಾರಿಯಲ್ಲಿ ವಿಶ್ರಾಂತಿಗೆ ಕೂತದ್ದು. ಅಲ್ಲಿ ಎರಿ ಇಲ್ಲ, ಮರಿ ಇಲ್ಲ, ಕಾಯಲು ತುಪ್ಪದ ದಾಸ್ತಾನು ಇಲ್ಲ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ಕಾರಣ ಹಿಂಡಿನ ಸ್ವಭಾವ ಗೂಡಿಗಿಂತ ಬಹಳ ಮೆತ್ತಗೆ. ಮುಟ್ಟದೆ ಬಿಟ್ಟರೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಎದ್ದು ಹೋಗುತ್ತದೆ. ಅದೇ ರೀತಿ ಹೂವಿನ ಮೇಲೆ, ಶರಬತ್ ಅಂಗಡಿಯ ಗ್ಲಾಸಿನ ಮೇಲೆ ಕೂತ ನೊಣ ದುಡಿಮೆಗೆ ಬಂದದ್ದು. ಹಿಸುಕದಿದ್ದರೆ ಅದರ ಪಾಡಿಗೆ ಅದು.

ವಾಟ್ಸಾಪ್‌ನಲ್ಲಿ ಆಗಾಗ ‘ಕಿಲ್ಲರ್ ಬೀ ಬಂದಿದೆ’ ಎಂಬ ವಿಡಿಯೋ ಓಡಾಡುತ್ತದೆ. ಅದು ಅಮೆರಿಕ ಖಂಡದ ಕಥೆ. ಹೆಚ್ಚು ಜೇನು ಸಿಗಲಿ ಎಂದು ಬ್ರೆಜಿಲ್‌ಗೆ ಆಫ್ರಿಕಾದ ಜೇನು ತರಿಸಿದ್ದರು. 1957ರಲ್ಲಿ 26 ಹಿಂಡುಗಳು ತಪ್ಪಿಸಿಕೊಂಡು ಅಲ್ಲಿನ ಜೇನಿನ ಜೊತೆ ಬೆರೆತವು. ಆ ತಳಿ ಹರಡುತ್ತಾ 1990ರಲ್ಲಿ ಅಮೆರಿಕದ ಟೆಕ್ಸಾಸ್ ತಲುಪಿತು. ಅದರ ಒಂದೊಂದು ನೊಣದ ವಿಷ ಬೇರೆ ಜೇನಿಗಿಂತ ಹೆಚ್ಚೇನಲ್ಲ. ಬೇಗ ಕೆರಳುತ್ತದೆ, ಹೆಚ್ಚು ಸಂಖ್ಯೆಯಲ್ಲಿ ಬರುತ್ತದೆ, ದೂರ ಅಟ್ಟಿಸುತ್ತದೆ, ಅಷ್ಟೇ ವ್ಯತ್ಯಾಸ. ಆಫ್ರಿಕಾದ ಅದೇ ಜೇನು 1914ರ ನವೆಂಬರಿನಲ್ಲಿ ಈಗಿನ ತಾಂಜಾನಿಯಾದ ತಾಂಗಾ ಪಟ್ಟಣದ ಯುದ್ಧದಲ್ಲಿ ಗುಂಡಿನ ಸದ್ದಿಗೆ ಕೆರಳಿ ಎರಡೂ ಸೈನ್ಯಗಳ ಮೇಲೆ ಬಿದ್ದಿತ್ತು. ಬ್ರಿಟಿಷರ ಪರ ಅಲ್ಲಿ ಹೋರಾಡಿದವರಲ್ಲಿ ಹೆಚ್ಚಿನವರು ಭಾರತದ ಸೈನಿಕರು. ನಮ್ಮೂರಿಗೆ ಆ ತಳಿ ಬೇಕಾಗಿಲ್ಲ. ಹೆಜ್ಜೇನಿನ ರಕ್ಷಣೆಯ ಕ್ರಮವೂ ಹೆಚ್ಚು ಕಮ್ಮಿ ಇದೇ.

ದಾಳಿ ಆದರೆ ಏನು ಮಾಡಬೇಕು?

ಓಡಬೇಕು. ನಿಂತು ಕೈಬೀಸುವುದು, ಟವೆಲ್ ಬೀಸುವುದು, ನೆಲಕ್ಕೆ ಬೋರಲು ಬೀಳುವುದು ಬೇಡ. ಅಂಗಿಯನ್ನೋ ಶಾಲನ್ನೋ ಮುಂಡನ್ನೋ ತಲೆ ಮುಖಕ್ಕೆ ಎಳೆದುಕೊಂಡು, ಕಣ್ಣು ಕಾಣುವಷ್ಟು ಬಿಟ್ಟು, ನೇರವಾಗಿ ಓಡಬೇಕು. ಬುರ್ಖಾ ಹಾಕಿದವರು ಮುಖಪರದೆ ಇಳಿಸಿಕೊಂಡೇ ಓಡುವುದು ಒಳ್ಳೆಯದು.

ಎಲ್ಲಿಗೆ? ಮುಚ್ಚಿದ ಜಾಗಕ್ಕೆ. ಮನೆ, ಅಂಗಡಿ, ಕಾರು, ಬಸ್ಸು. ಒಳಗೆ ಹೋಗಿ ಬಾಗಿಲು ಕಿಟಕಿ ಹಾಕಬೇಕು. ಜೊತೆಗೆ ಹತ್ತಿಪ್ಪತ್ತು ನೊಣ ಬಂದರೂ ಅಡ್ಡಿಯಿಲ್ಲ, ಹೊರಗಿನ ಸಾವಿರ ತಪ್ಪಿತು. ಅಂಥ ಜಾಗ ಇಲ್ಲದಿದ್ದರೆ ನಿಲ್ಲದೆ ಓಡುತ್ತಿರಬೇಕು. ಕೆಲವು ನೂರು ಮೀಟರ್ ದಾಟುವವರೆಗೂ ಅವು ಬೆನ್ನು ಬಿಡದಿರಬಹುದು.

ಕೆರೆಗೆ, ಹೊಳೆಗೆ ಹಾರಬಾರದು. ನೊಣಗಳು ನೀರಿನ ಮೇಲೆ ಸುತ್ತುತ್ತಾ ಕಾಯುತ್ತವೆ, ತಲೆ ಎತ್ತಿದ ಕೂಡಲೇ ಮೂಗು ಬಾಯಿಗೆ ಕುಟುಕುತ್ತವೆ. ಈಜು ಗೊತ್ತಿದ್ದವರೂ ಮುಳುಗಿ ಸಾಯಬಹುದು.

ಮಗು ಅಥವಾ ಹಿರಿಯರು ಬಿದ್ದಿದ್ದರೆ ಬರಿಮೈಯಲ್ಲಿ ನುಗ್ಗಿದವನೂ ಎರಡನೇ ರೋಗಿಯಾಗುತ್ತಾನೆ. ದಪ್ಪ ಕಂಬಳಿ ಹೊದ್ದು, ಸಾಧ್ಯವಾದರೆ ಕಾರನ್ನೇ ಪಕ್ಕಕ್ಕೆ ತಂದು ಒಳಗೆ ಎಳೆದುಕೊಳ್ಳಬೇಕು. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108. ಉಳಿದವರು ದೂರದಲ್ಲಿ ನಿಂತು ಆ ದಾರಿಯಲ್ಲಿ ಬರುವವರನ್ನು ತಡೆದರೆ ಅದೂ ಜೀವ ಉಳಿಸಿದ ಹಾಗೆಯೇ. ಎದ್ದ ಗೂಡು ತಣ್ಣಗಾಗಲು ಗಂಟೆಗಟ್ಟಲೆ ಬೇಕು.

ಮುಳ್ಳು, ಸುಣ್ಣ ಮತ್ತು ಆಸ್ಪತ್ರೆ

ಸುರಕ್ಷಿತ ಜಾಗ ತಲುಪಿದ ಕೂಡಲೇ ಮುಳ್ಳು ತೆಗೆಯಬೇಕು. ನೊಣ ಹೋದ ಮೇಲೂ ವಿಷದ ಚೀಲ ತನ್ನಷ್ಟಕ್ಕೇ ಪಂಪ್ ಮಾಡುತ್ತಿರುತ್ತದೆ. ಮೊದಲ 20 ಸೆಕೆಂಡುಗಳಲ್ಲೇ ಹೆಚ್ಚಿನ ವಿಷ ಒಳಗೆ ಹೋಗಿರುತ್ತದೆ, ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ‘ಉಗುರಿನಿಂದ ಹಿಡಿದು ಕೀಳಬಾರದು, ಕಾರ್ಡಿನಲ್ಲಿ ಕೆರೆಯಬೇಕು’ ಅಂತ ಹಿಂದೆ ಹೇಳುತ್ತಿದ್ದರು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೇಗೆ ತೆಗೆದಿರಿ ಎಂಬುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎಂಬುದೇ ಮುಖ್ಯ ಎಂದು ತೋರಿಸಿತು. ಕಾರ್ಡ್ ಹುಡುಕುತ್ತಾ ಕೂರಬೇಡಿ, ಉಗುರಿನಲ್ಲೇ ತೆಗೆಯಿರಿ. ಆಮೇಲೆ ಸೋಪು ನೀರಿನಲ್ಲಿ ತೊಳೆದು ಐಸ್ ಇಡಿ. ಬೆರಳಿನ ಉಂಗುರ, ಕೈಬಳೆಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಸುಣ್ಣ, ಸೀಮೆಎಣ್ಣೆ, ಅರಿಶಿನ ಹಚ್ಚುವುದರಿಂದ ಒಳಗೆ ಹೋದ ವಿಷ ಹೊರಗೆ ಬರುವುದಿಲ್ಲ. ಹೊತ್ತು ಮಾತ್ರ ಹೋಗುತ್ತದೆ.

ಅಪಾಯ ಎರಡು ಬಗೆ, ಎರಡನ್ನೂ ಬೇರೆ ಬೇರೆಯಾಗಿ ತಿಳಿದಿರಬೇಕು.

ಒಂದು ಅಲರ್ಜಿ. ಇದಕ್ಕೆ ಲೆಕ್ಕ ಇಲ್ಲ, ಒಂದೇ ಕುಟುಕು ಸಾಕು. ಕುಟುಕಿದ ಜಾಗ ಬಿಟ್ಟು ಮೈತುಂಬ ದದ್ದು, ನಾಲಿಗೆ ಗಂಟಲು ಊದುವುದು, ಉಸಿರು ಕಟ್ಟುವುದು, ವಾಂತಿ, ತಲೆಸುತ್ತು, ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ನಿಮಿಷಗಳಲ್ಲಿ ಜೀವ ಹೋಗಬಹುದು. ಇದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ನಮ್ಮ ಕಡೆಯವರಿಗೆ ಏನಾದರೂ ಆದರೆ ನೇರ ಮಂಗಳೂರಿಗೆ ಹೊರಡುವ ಅಭ್ಯಾಸ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಹೈವೇ ಬ್ಲಾಕ್ ಬೇರೆ. ಅಲರ್ಜಿಯ ರೋಗಿಗೆ ಅಷ್ಟು ಸಮಯ ಇರುವುದಿಲ್ಲ. ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯೋ ಖಾಸಗಿ ಆಸ್ಪತ್ರೆಯೋ, ಇಂಜೆಕ್ಷನ್ ಸಿಗುವಲ್ಲಿಗೆ. ದೊಡ್ಡ ಆಸ್ಪತ್ರೆ ಆಮೇಲೆ. ದಾರಿಯಲ್ಲಿ ರೋಗಿಯನ್ನು ಮಲಗಿಸಿ ಕಾಲು ಎತ್ತರದಲ್ಲಿಡಬೇಕು. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಮಾತ್ರ ಒರಗಿ ಕೂರಿಸಬೇಕು, ಎಬ್ಬಿಸಿ ನಡೆಸಬಾರದು.

ಎರಡು, ವಿಷದ ಪ್ರಮಾಣ. ಅಲರ್ಜಿ ಇಲ್ಲದವರಿಗೂ ಕುಟುಕು ಜಾಸ್ತಿಯಾದರೆ ವಿಷವೇ ಮೈಯನ್ನು ಕೆಡಿಸುತ್ತದೆ. ಯುರೋಪಿನ ಜೇನಿನ ಲೆಕ್ಕದಲ್ಲಿ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 19 ಕುಟುಕು ಮಾರಕ ಪ್ರಮಾಣ ಎಂಬ ಅಂದಾಜಿದೆ. 60 ಕೆ.ಜಿ. ತೂಕದವರಿಗೆ ಇದು ಸಾವಿರ ದಾಟುತ್ತದೆ, 20 ಕೆ.ಜಿ.ಯ ಮಗುವಿಗೆ 400ರೊಳಗೆ. ಹಾಗಂತ ನೂರು ಕುಟುಕಿಗೆ ಏನಾಗಲ್ಲ ಅಂತ ಕೂರುವಂತಿಲ್ಲ. ವಯಸ್ಸಾದವರು, ಹೃದಯ, ಕಿಡ್ನಿ, ಶುಗರ್ ತೊಂದರೆ ಇದ್ದವರು ಇದಕ್ಕಿಂತ ಎಷ್ಟೋ ಕಡಿಮೆ ಕುಟುಕಿಗೆ ಕುಸಿಯಬಹುದು.

ಇಲ್ಲಿ ಮೋಸ ಹೋಗುವ ಸಂಗತಿ ಒಂದಿದೆ. ಹತ್ತಾರು ಕುಟುಕು ತಿಂದವರು ಸಂಜೆಯ ಹೊತ್ತಿಗೆ ‘ಈಗ ಹುಷಾರಿದ್ದೇನೆ’ ಅಂತ ಮನೆಗೆ ಬರುತ್ತಾರೆ. ಒಳಗೆ ವಿಷ ಸ್ನಾಯುವನ್ನೂ ರಕ್ತಕಣವನ್ನೂ ಒಡೆಯುತ್ತಿರುತ್ತದೆ, ಆ ಕಸ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಮಾರನೇ ದಿನ, ಕೆಲವೊಮ್ಮೆ ಇನ್ನೂ ತಡವಾಗಿ, ಮೂತ್ರ ಕೆಂಪು ಅಥವಾ ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಡಿಮೆಯಾಗುತ್ತದೆ. ಸಕಾಲಕ್ಕೆ ಡ್ರಿಪ್, ಬೇಕಾದರೆ ಡಯಾಲಿಸಿಸ್ ಸಿಕ್ಕಿದರೆ ಉಳಿಯುತ್ತಾರೆ. ಹಾಗಾಗಿ ಮಕ್ಕಳಿಗೆ, ಹಿರಿಯರಿಗೆ ಹತ್ತಿಪ್ಪತ್ತು ಕುಟುಕಾದರೂ, ಉಳಿದವರಿಗೆ ಐವತ್ತರ ಹತ್ತಿರ ಬಂದರೂ ಒಂದು ದಿನವಾದರೂ ಆಸ್ಪತ್ರೆಯ ನಿಗಾದಲ್ಲಿರಬೇಕು. ಬಾಯಿ, ಗಂಟಲು, ಕಣ್ಣಿಗೆ ಕುಟುಕಿದ್ದರೆ ಲೆಕ್ಕ ನೋಡದೆ ಹೋಗಬೇಕು.

ಕೇರಳದಲ್ಲಿ ಜೇನು, ಕಡನ್ನಲ್ ಕುಟುಕಿ ಮೃತಪಟ್ಟವರ ಕುಟುಂಬಕ್ಕೆ ಸರಕಾರದ ಪರಿಹಾರಕ್ಕೆ ಅವಕಾಶ ಇದೆ. ಆಸ್ಪತ್ರೆಯ ಚೀಟಿ, ಪೋಸ್ಟ್‌ಮಾರ್ಟಂ ವರದಿ ಇಲ್ಲದೆ ದಫನ್ ಮುಗಿಸಿಬಿಟ್ಟರೆ ಆಮೇಲೆ ಅರ್ಜಿ ಹಾಕುವುದು ಕಷ್ಟ. ಗ್ರಾಮ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಸುಟ್ಟರೆ ಮುಗಿಯಿತೇ?

ದಾಳಿಯ ಮಾರನೇ ದಿನ ಊರಿನಲ್ಲಿ ಕೇಳುವ ಮೊದಲ ಮಾತು ‘ರಾತ್ರಿ ಸುಟ್ಟುಬಿಡುವ’. ಕೋಲಿಗೆ ಬಟ್ಟೆ ಸುತ್ತಿ, ಪೆಟ್ರೋಲ್ ಹಾಕಿ ಹೊರಡುತ್ತಾರೆ. ಉರಿಯುವ ಎರಿ ಕೆಳಗೆ ಬಿದ್ದು ಬೆಂಕಿ ಹರಡುವುದು ಒಂದು ಅಪಾಯ. ಬೆಳದಿಂಗಳಲ್ಲಿ ಹೆಜ್ಜೇನು ಹಾರಬಲ್ಲದು ಎಂಬುದು ಇನ್ನೊಂದು. ಬದುಕುಳಿದ ಸಾವಿರಾರು ನೊಣಗಳು ಬೆಳಗ್ಗೆ ಅದೇ ಜಾಗದಲ್ಲಿ ಸುತ್ತುತ್ತಿರುತ್ತವೆ, ದಾರಿಯಲ್ಲಿ ಸಿಕ್ಕವರಿಗೆ ಕುಟುಕುತ್ತವೆ. ಸುಟ್ಟವರು ಆಗ ಮನೆಯಲ್ಲಿ ಮಲಗಿರುತ್ತಾರೆ. ಕಲ್ಲು ಹೊಡೆದವನ ಕಥೆಯೇ ಮತ್ತೆ.

ನಷ್ಟದ ಲೆಕ್ಕವೂ ಇದೆ. ಕೊಡಗಿನ ಕಾಫಿ ಹೂವು ಕಾಯಾಗುವುದರಲ್ಲಿ ಹೆಜ್ಜೇನಿನ ಪಾಲು ದೊಡ್ಡದು. ನಮ್ಮ ಹಿತ್ತಲಿನ ಕುಂಬಳ, ಸೌತೆಗೂ ಜೇನು ಬೇಕು.

ದೀನಿನ ಮಾತೂ ಇದೆ. ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ಅನ್ನಹ್ಲ್, ಅಂದರೆ ಜೇನು. ಜೇನಿಗೆ ವಾಸಕ್ಕೆ ಹೇಳಿದ ಜಾಗಗಳು ಅಲ್ಲಿ ಮೂರು: ಬೆಟ್ಟ, ಮರ ಮತ್ತು ಮನುಷ್ಯರು ಕಟ್ಟಿದ್ದು. ಬಂಡೆ, ಆಲದ ಕೊಂಬೆ, ಟ್ಯಾಂಕಿಯ ಅಡಿ ನೋಡಿದವರಿಗೆ ಇದು ಬೇರೆ ವಿವರಣೆ ಕೇಳುವುದಿಲ್ಲ. ಕೊಲ್ಲಬಾರದೆಂದು ಪ್ರವಾದಿಯವರು ಹೇಳಿದ ನಾಲ್ಕು ಜೀವಿಗಳಲ್ಲಿ ಜೇನೂ ಒಂದು ಎಂದು ಹದೀಸ್‌ನಲ್ಲಿದೆ. ಒಂದು ಇರುವೆ ಕಚ್ಚಿದ್ದಕ್ಕೆ ಇಡೀ ಇರುವೆಗೂಡನ್ನು ಸುಡಿಸಿದ ಹಿಂದಿನ ಪ್ರವಾದಿಯೊಬ್ಬರು ಆಕ್ಷೇಪಕ್ಕೆ ಒಳಗಾದ ಘಟನೆಯೂ ಇದೆ. ಜನರ ಜೀವಕ್ಕೇ ಅಪಾಯ ಇರುವಾಗ ಏನು ಮಾಡಬಹುದು ಎಂಬ ಮಸ್ಅಲ ಉಸ್ತಾದರಲ್ಲಿ ಕೇಳಬೇಕಾದದ್ದು. ಆದರೆ ಬೆಂಕಿಯೇ ಮೊದಲ ಉತ್ತರ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಜನ ಓಡಾಡದ ಕಡೆ, ಎತ್ತರದಲ್ಲಿ ಗೂಡಿದ್ದರೆ ಬಿಟ್ಟುಬಿಡುವುದೇ ಲೇಸು. ಮಳೆಗಾಲಕ್ಕೆ ಅದು ತಾನಾಗಿ ಹೋಗುತ್ತದೆ. ಶಾಲೆ, ಮದ್ರಸ, ಆಸ್ಪತ್ರೆಯ ಬಾಗಿಲಿನ ಮೇಲೆಯೇ ಇದ್ದರೆ ಪಂಚಾಯತ್‌ಗೆ ತಿಳಿಸಿ, ಅನುಭವ ಇರುವ ಜೇನು ಕೆಲಸದವರಿಂದ ರಾತ್ರಿ ತೆಗೆಸಬೇಕು. ಗೂಡು ಖಾಲಿಯಾದ ಮೇಲೆ ಹಳೆ ಮೇಣ ಕೆರೆದು, ಆ ಜಾಗಕ್ಕೆ ಬಲೆ ಹಾಕುವುದು ಒಳ್ಳೆಯದು. ಯಾಕೆಂದರೆ ಹೆಜ್ಜೇನು ವರ್ಷ ಕಳೆದು ಹಳೆಯ ಜಾಗಕ್ಕೇ ಮರಳುತ್ತದೆ. ಅಸ್ಸಾಂನಲ್ಲಿ ನಡೆದ ಸಂಶೋಧನೆಯೊಂದು 2000ದಲ್ಲಿ ಇದನ್ನು ಖಚಿತಪಡಿಸಿದೆ.

ಜಮಾಅತ್ ಕಮಿಟಿಗಳಿಗೆ ಇದು ದೊಡ್ಡ ಖರ್ಚಿನ ಕೆಲಸ ಏನಲ್ಲ. ಉರೂಸ್, ಮದುವೆ, ಮಯ್ಯತ್‌ಗೆ ಜನ ಸೇರುವ ಮೊದಲು ಯಾರಾದರೂ ಒಬ್ಬರು ತಲೆಯೆತ್ತಿ ಮರ, ಮಿನಾರ, ಟ್ಯಾಂಕಿ ನೋಡಬೇಕು. ಗೂಡಿದ್ದರೆ ಒಂದು ಬೋರ್ಡ್ ಹಾಕಬೇಕು, ದಾರಿ ಬದಲಿಸಬೇಕು, ಪಟಾಕಿ ಮತ್ತು ಬೆಂಕಿ ಬೇಡ ಎನ್ನಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಇಪ್ಪತ್ತನಾಲ್ಕು ಗಂಟೆ ಸಿಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಮದ್ರಸದ ಮಕ್ಕಳಿಗೆ ಹೇಳಿಕೊಡಬೇಕಾದ್ದು ಇನ್ನೂ ಸುಲಭ. ಗೂಡಿಗೆ ಎಸೆದ ಕಲ್ಲು ಕೆಳಗೆ ಬೀಳುವಾಗ ಎಸೆದವನು ಅಲ್ಲಿರುವುದಿಲ್ಲ. ಆ ಹೊತ್ತಿಗೆ ಅಲ್ಲಿ ನಡೆದುಕೊಂಡು ಬರುತ್ತಿರುವುದು ಅವನ ಅಜ್ಜನೂ ಆಗಿರಬಹುದು.